ಮನೆಮಾತು ತೆಲುಗು, ಓದು ಕನ್ನಡ

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ತುಮಕೂರು ಜಿಲ್ಲೆಯ ಪಾವಗಡದಲ್ಲೂ ಹೀಗೆಯೇ. ಜನರಿಗೆ ಯಾವ ಭಾಷೆಯಲ್ಲಿ ವಿಷಯ ತಿಳಿಸಬೇಕು ಎಂದು ಗೊತ್ತುಮಾಡುವ ಭಾಷಾ ಯೋಜನೆ ಎಡವುವುದು ಇಲ್ಲೇ. 2011ರ ಜನಗಣತಿ ಮಾತೃಭಾಷೆ ಕೇಳಿತು, ಗೊತ್ತಿರುವ ಇನ್ನೆರಡು ಭಾಷೆ ಕೇಳಿತು. ಯಾವ ಲಿಪಿ ಓದುತ್ತೀರಿ ಎಂದು ಕೇಳಲಿಲ್ಲ.

ಜಿಲ್ಲೆ ಅಥವಾ ತಾಲ್ಲೂಕಿನಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕು ಎಂಬುದು ದೇಶ ಒಪ್ಪಿದ ಮಾನದಂಡ. ನ್ಯಾಯವಾದದ್ದೇ. ಆದರೆ ಪಂಚಾಯಿತಿ ಗೋಡೆಗೆ ಅಂಟಿಸಿದ ತೆಲುಗು ಲಿಪಿಯ ಹಾಳೆಯನ್ನು ಕನ್ನಡ ಶಾಲೆಯಲ್ಲಿ ಕಲಿತವರು ಸರಾಗವಾಗಿ ಓದಲಾರರು. ಶಾಲೆಯ ಮುಖ ನೋಡದ ಅಜ್ಜಿಗೆ ಯಾವ ಲಿಪಿಯಾದರೂ ಒಂದೇ. ಇಂಥ ಊರಿಗೆ ಬೇಕಾದದ್ದು ಕನ್ನಡದ ಬರಹ ಮತ್ತು ತೆಲುಗಿನ ದನಿ, ಎರಡೂ.

ಈ ಬಯಲುಸೀಮೆಯ ಫ್ಲೋರೈಡ್ ನೀರನ್ನೇ ತೆಗೆದುಕೊಳ್ಳಿ; ಫ್ಲೋರೈಡ್ ಎಂದರೆ ನೀರಿನಲ್ಲಿ ಕರಗಿರುವ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಇದನ್ನು ಹಾಗೆಯೇ ಮೈಕಿನಲ್ಲಿ ಓದಿದರೆ ಯಾರ ತಲೆಗೂ ಹೋಗದು. ‘ಕೊಳವೆಬಾವಿ ಸಂಖ್ಯೆ 3’ ಎಂದರೂ ಅಷ್ಟೆ; ‘ಗುಡಿ ಹಿಂದಿನ ಬೋರು’ ಎಂದರೆ ಊರಿಗೆಲ್ಲ ತಿಳಿಯುತ್ತದೆ.

ವಾಕ್ಯದ ಕಟ್ಟೂ ಮುಖ್ಯ. ಕನ್ನಡದಲ್ಲಿ, ತೆಲುಗಿನಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಪ್ರಚಾರದ ಆಟೋ ಮುಂದೆ ಹೋಗಿಬಿಟ್ಟರೆ ‘ಈ ಬೋರಿನ ನೀರು’ ಮಾತ್ರ ಕಿವಿಗೆ ಬಿದ್ದು, ‘ಕುಡಿಯಬೇಡಿ’ ಗಾಳಿಗೆ ಹೋಗುತ್ತದೆ. ಆದ್ದರಿಂದ ‘ಕುಡಿಯಬೇಡಿ’ ಮೊದಲೇ ಬರಲಿ, ಕೊನೆಯಲ್ಲಿ ಮತ್ತೊಮ್ಮೆ ಬರಲಿ. ವಾಕ್ಯ ಐದಾರು ಪದ ದಾಟದಿರಲಿ. ತೆಲುಗಿನ ಸಾಲನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಡಿ: ‘ತಾಗೊದ್ದು! ಗುಡಿ ಎನಕ ಬೋರು ನೀಳ್ಳು ತಾಗೊದ್ದು.’ (ಕುಡಿಯಬೇಡಿ! ಗುಡಿ ಹಿಂದಿನ ಬೋರಿನ ನೀರು ಕುಡಿಯಬೇಡಿ.) ಮೈಕು ಹಿಡಿದವರು ತಡವರಿಸದೆ ಓದುತ್ತಾರೆ. ಪುಸ್ತಕದ ತೆಲುಗು ಬೇಡ, ಆ ಊರಿನ ತೆಲುಗು ಇರಲಿ.

 

ಮೈಕಿಗೆ ಕೊಡುವ ಮುಂಚೆ ಹಾಳೆಯನ್ನು ಊರಿನ ಐದಾರು ಜನರಿಗೆ ಓದಿ ಹೇಳಿ. ‘ಅರ್ಥವಾಯಿತೇ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ನಾಳೆ ಏನು ಮಾಡುತ್ತೀರಿ’ ಎಂದು ಕೇಳಿ. ‘ಕಾಯಿಸಿ ಕುಡಿಯುತ್ತೇವೆ’ ಎಂದರೆ ಹಾಳೆ ಸೋತಿದೆ. ನೀರು ಕೆಟ್ಟಿದ್ದರೆ ಕುದಿಸಿ ಎಂದು ವರ್ಷಗಟ್ಟಲೆ ಹೇಳಿಕೊಟ್ಟವರು ನಾವೇ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆ ಸಾಲು ಸೇರಿಸಿ, ಇನ್ನೊಂದು ಬೀದಿಯಲ್ಲಿ ಮತ್ತೆ ಓದಿ ಕೇಳಿ.