ಬಾತು ಮರಿಯಲ್ಲ, ಗುಳುಮುಳುಕ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಇದನ್ನು ನೋಡಿಯೇ ಇರುತ್ತಾರೆ. ಅಂಗೈ ತುಂಬುವಷ್ಟು ಗಾತ್ರದ ಕಂದು ಹಕ್ಕಿ, ಬೆಂಡಿನ ಹಾಗೆ ತೇಲುತ್ತಿರುತ್ತದೆ. "ಪಾಪ, ಬಾತು ಮರಿ, ತಾಯಿ ಎಲ್ಲೋ?" ಅನ್ನುವಷ್ಟರಲ್ಲಿ ಗುಳುಂ! ಹತ್ತಿಪ್ಪತ್ತು ಸೆಕೆಂಡಾದ ಮೇಲೆ ಇನ್ನೆಲ್ಲೋ ಏಳುತ್ತದೆ.

ಅದು ಮರಿಯಲ್ಲ, ಬಾತೂ ಅಲ್ಲ. ಗುಳುಮುಳುಕ. ಬೆಳೆದರೂ ಅಷ್ಟೇ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಡಿಎನ್‌ಎ ಪ್ರಕಾರ ಇದರ ಬಳಗಕ್ಕೆ ಹತ್ತಿರದ ನೆಂಟ ಬಾತಲ್ಲ, ಉದ್ದ ಕಾಲಿನ ರಾಜಹಂಸ! ನನಗೆ ಇದನ್ನು ನಂಬಲು ಸ್ವಲ್ಪ ದಿನ ಬೇಕಾಯಿತು.

ಗುರುತಿಸಲು ಮೊದಲು ಹಿಂಭಾಗ ನೋಡಿ. ಬಾಲವೇ ಇಲ್ಲವೇನೋ ಅನ್ನುವ ಹಾಗೆ ಮೊಂಡಾಗಿ, ಹತ್ತಿಯುಂಡೆಯಂತೆ ಇರುತ್ತದೆ. ಕೊಕ್ಕು ಚಪ್ಪಟೆಯಲ್ಲ, ಚೂಪು. ಮರಿ ಮಾಡುವ ಕಾಲದಲ್ಲಿ ಕೆನ್ನೆ, ಕತ್ತು ಇಟ್ಟಿಗೆ ಕೆಂಪಾಗುತ್ತದೆ, ಕೊಕ್ಕಿನ ಬುಡದಲ್ಲಿ ಹಳದಿ ಮಚ್ಚೆ ಮೂಡುತ್ತದೆ. ಚಳಿಗಾಲದಲ್ಲಿ ಬಣ್ಣ ಮಾಸುತ್ತದೆ. ಉತ್ತರದ ದೇಶಗಳಿಂದ ವಲಸೆ ಬಾತುಗಳು ಬರುವುದೂ ಆಗಲೇ, ಹಾಗಾಗಿ ಗೊಂದಲ. ಜುಟ್ಟಿನ ಬಾತೂ ಮುಳುಗುತ್ತದೆ. ಆದರೆ ಅದು ತುಂಬಾ ದೊಡ್ಡದು. ಗಂಡಾದರೆ ಮೈ ಕಪ್ಪು, ಪಕ್ಕೆ ಬಿಳಿ. ಹಣೆ ಮೇಲೆ ಬಿಳಿ ಪಟ್ಟಿ ಇದ್ದರೆ ನಾಮದ ಕೋಳಿ.

ಚಳಿಗೆ ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಗುಳುಮುಳುಕವೂ ವಲಸೆ ಹೋಗುತ್ತದೆ. ನಮ್ಮಲ್ಲಿ ಅದು ನೀರಿನ ಹಿಂದೆ ಅಲೆಯುತ್ತದೆ. ಮಂಡ್ಯ ಕಡೆ ಒಣಗಿದ್ದ ಕೆರೆಗೆ ನಾಲೆ ನೀರು ಬಂತು ಅಂದುಕೊಳ್ಳಿ, ಒಂದು ಬೆಳಗ್ಗೆ ಹಕ್ಕಿ ಅಲ್ಲಿರುತ್ತದೆ. ಬಂದದ್ದು ಯಾರಿಗೂ ಕಾಣುವುದಿಲ್ಲ. ಇಂಥ ದೂರದ ಹಾರಾಟ ಹೆಚ್ಚಾಗಿ ರಾತ್ರಿಯಲ್ಲೇ.

ಕಾಲು ಮೈಯ ತೀರಾ ಹಿಂದಿದೆ, ಬೆರಳುಗಳಿಗೆ ಎಲೆಯಂಥ ಅಂಚು. ನೀರಲ್ಲಿ ಅದೇ ದೋಣಿಯ ಹುಟ್ಟಿನ ಹಾಗೆ. ನೆಲದ ಮೇಲೆ ಮಾತ್ರ ನಡೆಯಲು ಪರದಾಡುತ್ತದೆ. ಮುಳುಗುವ ಮುನ್ನ ಗರಿಗಳನ್ನು ಮೈಗೆ ಒತ್ತಿ ನಡುವಿನ ಗಾಳಿ ಹೊರಹಾಕುತ್ತದೆ, ಆಗ ತೇಲುವ ಗುಣ ಕಡಿಮೆಯಾಗುತ್ತದೆ. ತನ್ನದೇ ಗರಿಯನ್ನೂ ನುಂಗುತ್ತದೆ! ಮೀನಿನ ಮುಳ್ಳು ಹೊಟ್ಟೆಗೆ ಚುಚ್ಚದಿರಲಿ ಅಂತ ಇರಬೇಕು.

ಗೂಡು ತೇಲುವ ಕಳೆಯ ಗುಡ್ಡೆ, ಜೊಂಡಿಗೆ ಸಿಕ್ಕಿಸಿರುತ್ತದೆ. ಎದ್ದು ಹೋಗುವಾಗ ಮೊಟ್ಟೆ ಮೇಲೆ ಕಳೆ ಎಳೆದು ಮುಚ್ಚುತ್ತದೆ. ದಡದಿಂದ ಅದು ಸುಮ್ನೆ ಕಸದ ಹಾಗೆ ಕಾಣುತ್ತದೆ ಅಲ್ವಾ? ಕೆರೆ ಕ್ಲೀನ್ ಮಾಡುವವರು ಮಳೆಗಾಲದಲ್ಲಿ ಜೊಂಡಿಗೆ ಕೈ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಕಸದಲ್ಲೇ ಪಟ್ಟೆ ಪಟ್ಟೆ ಮರಿಗಳು ಹುಟ್ಟುತ್ತವೆ. ಹುಟ್ಟಿದ ಮೇಲೆ ಸೀದಾ ಅಪ್ಪ ಅಮ್ಮನ ಬೆನ್ನೇರಿ, ರೆಕ್ಕೆ ಸಂದಿಯಿಂದ ತಲೆ ಮಾತ್ರ ಹೊರಗಿಟ್ಟು ಕೆರೆ ಸುತ್ತುತ್ತವೆ.