8 ಮತ್ತು 3 ಸಿಕ್ಕಿತು, ಮೈನಸ್ ಯಾವುದಕ್ಕೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು, ಹತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ವರ್ಗ ಬಹುಪದೋಕ್ತಿಯನ್ನು ಅಪವರ್ತಿಸುವಾಗ ಬೇಕಾದ ಎರಡು ಸಂಖ್ಯೆಗಳು ನನಗೆ ಬೇಗ ಸಿಗುತ್ತವೆ. ಆದರೆ ಯಾವುದಕ್ಕೆ ಪ್ಲಸ್, ಯಾವುದಕ್ಕೆ ಮೈನಸ್ ಎಂಬಲ್ಲಿ ಪ್ರತಿ ಸಲವೂ ತಪ್ಪುತ್ತೇನೆ. ಯ² − 5ಯ − 24 ಎಂಬ ಲೆಕ್ಕದಲ್ಲಿ 8 ಮತ್ತು 3 ಸಿಕ್ಕಿದ ಮೇಲೆ ಚಿಹ್ನೆಯನ್ನು ಹೇಗೆ ನಿರ್ಧರಿಸಬೇಕು, ಸರ್?

ಉತ್ತರ: ಹಾಸನದಲ್ಲಿ ಹಲವು ವರ್ಷಗಳಿಂದ ಗಣಿತ ಪಾಠ ಮಾಡುತ್ತಿರುವ ನನಗೆ ಇದಕ್ಕಿಂತ ಹೆಚ್ಚು ಸಲ ಎದುರಾದ ಪ್ರಶ್ನೆ ಇನ್ನೊಂದಿಲ್ಲ. ಪ್ರಶ್ನೆಯಲ್ಲಿದ್ದ ಎಕ್ಸ್ ಎಂಬ ಅಕ್ಷರವನ್ನು ಇಲ್ಲಿ ‘ಯ’ ಎಂದು ಬರೆದಿದ್ದೇನೆ. ಗೊತ್ತಿಲ್ಲದ ರಾಶಿಯನ್ನು ನಮ್ಮ ಹಳೆಯ ಗಣಿತಜ್ಞರು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಚುಟುಕಾಗಿ ಬರೆಯುತ್ತಿದ್ದುದರಿಂದ ಈ ಅಕ್ಷರ ಅಷ್ಟೇನೂ ಹೊಸದಲ್ಲ.

ನಿಮ್ಮ ತೊಡಕು ಇರುವುದು ‘8 ಮತ್ತು 3 ಸಿಕ್ಕಿದ ಮೇಲೆ’ ಎಂಬ ಮಾತಿನಲ್ಲಿ. ಚಿಹ್ನೆಯು ಅಡುಗೆ ಮುಗಿದ ಮೇಲೆ ಹಾಕುವ ಒಗ್ಗರಣೆಯಲ್ಲ. ಅದನ್ನು ನೋಡದೆ ಸಂಖ್ಯೆಗಳನ್ನು ಹುಡುಕಲು ಹೊರಟರೆ ಕೆಲವೊಮ್ಮೆ ಸಂಖ್ಯೆಗಳೇ ಬೇರೆಯಾಗಿಬಿಡುತ್ತವೆ. ಯ² + 10ಯ + 24 ಮತ್ತು ಯ² + 10ಯ − 24 ಎಂಬ ಎರಡು ಬೀಜೋಕ್ತಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಕೊನೆಯ ಪದದ ಚಿಹ್ನೆಯೊಂದನ್ನು ಬಿಟ್ಟರೆ ಎರಡೂ ಒಂದೇ. ಆದರೂ ಮೊದಲನೆಯದು (ಯ + 4)(ಯ + 6) ಆಗುತ್ತದೆ, ಎರಡನೆಯದು (ಯ + 12)(ಯ − 2) ಆಗುತ್ತದೆ. 4 ಮತ್ತು 6 ಎಂದು ಮೊದಲೇ ತೀರ್ಮಾನಿಸಿಕೊಂಡವರು ಎರಡನೆಯ ಲೆಕ್ಕದಲ್ಲಿ ಚಿಹ್ನೆಗಳನ್ನು ಎಷ್ಟು ಬಗೆಯಲ್ಲಿ ಅದಲುಬದಲು ಮಾಡಿದರೂ ಉತ್ತರ ಬರುವುದಿಲ್ಲ.

ಹೀಗೇಕೆ ಎಂಬುದು ತಿಳಿಯಬೇಕಾದರೆ ಅಪವರ್ತನವನ್ನು ಹಿಂದುಮುಂದಾಗಿ, ಅಂದರೆ ಗುಣಾಕಾರವಾಗಿ ನೋಡಬೇಕು. (ಯ + ಅ)(ಯ + ಬ) ಎಂಬುದನ್ನು ಬಿಡಿಸಿದರೆ ಯ² + (ಅ + ಬ)ಯ + ಅಬ ಎಂದು ಬರುತ್ತದೆ. ಇದರಲ್ಲಿ ಸ್ಥಿರಪದವು, ಅಂದರೆ ಯ ಇಲ್ಲದ ಕೊನೆಯ ಪದವು, ಅ ಮತ್ತು ಬಗಳ ಗುಣಲಬ್ಧ; ಮಧ್ಯಪದದ ಸಹಗುಣಕವು, ಅಂದರೆ ಅಲ್ಲಿ ಯ ಜೊತೆಗಿರುವ ಸಂಖ್ಯೆಯು, ಅವುಗಳ ಮೊತ್ತ. ಈ ಸೂತ್ರದಲ್ಲಿ ಎಲ್ಲೆಡೆ ಪ್ಲಸ್ ಮಾತ್ರ ಇದೆ ಎಂಬುದನ್ನು ಗಮನಿಸಿ. ಮೈನಸ್ ಇದ್ದರೆ ಅದು ಅ ಅಥವಾ ಬ ಎಂಬ ಸಂಖ್ಯೆಯ ಒಳಗೇ ಇರುತ್ತದೆ. 12ನೆಯ ಶತಮಾನದ ಭಾಸ್ಕರಾಚಾರ್ಯರ ಕ್ರಮದಲ್ಲಿ ಋಣ ಸಂಖ್ಯೆಯನ್ನು ಸೂಚಿಸಲು ಆ ಸಂಖ್ಯೆಯ ನೆತ್ತಿಯ ಮೇಲೆಯೇ ಒಂದು ಚುಕ್ಕೆ ಇಡುತ್ತಿದ್ದರು. ಸಂಖ್ಯೆಯಿಂದ ಚಿಹ್ನೆಯನ್ನು ಬೇರ್ಪಡಿಸಿ ಓದುವ ಅಭ್ಯಾಸಕ್ಕೆ ಆ ಬರವಣಿಗೆಯಲ್ಲಿ ಆಸ್ಪದ ಕಡಿಮೆ ಇತ್ತೆಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಮೊದಲು ಕಣ್ಣು ಹೋಗಬೇಕಾದದ್ದು ಸ್ಥಿರಪದದ ಚಿಹ್ನೆಯ ಮೇಲೆ. ಅದು ಪ್ಲಸ್ ಆಗಿದ್ದರೆ ಎರಡು ಸಂಖ್ಯೆಗಳೂ ಒಂದೇ ಚಿಹ್ನೆಯವು, ಮತ್ತು ಆ ಚಿಹ್ನೆ ಮಧ್ಯಪದದ್ದೇ. ಮೈನಸ್ ಆಗಿದ್ದರೆ ಒಂದು ಧನ, ಇನ್ನೊಂದು ಋಣ. ಆಗ ನೀವು ಹುಡುಕಬೇಕಾದದ್ದು ಕೂಡಿದಾಗ 5 ಬರುವ ಜೋಡಿಯನ್ನಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆದಾಗ 5 ಉಳಿಯುವ ಜೋಡಿಯನ್ನು. 24ನ್ನು 24 ಮತ್ತು 1, 12 ಮತ್ತು 2, 8 ಮತ್ತು 3, 6 ಮತ್ತು 4 ಎಂದು ಬಿಡಿಸಬಹುದಷ್ಟೆ. ಇವುಗಳ ವ್ಯತ್ಯಾಸ ಕ್ರಮವಾಗಿ 23, 10, 5, 2. ನಮಗೆ ಬೇಕಾದದ್ದು 8 ಮತ್ತು 3.

ಇನ್ನು ಮೈನಸ್ ಯಾವುದಕ್ಕೆ? ಋಣ ಎಂದರೆ ಸಾಲ ಎಂಬ ಕನ್ನಡದ ಅರ್ಥವನ್ನೇ ಇಲ್ಲಿ ಹಿಡಿದುಕೊಳ್ಳಿ. 628ರಲ್ಲಿ ಬ್ರಹ್ಮಗುಪ್ತನು ಈ ಸಂಖ್ಯೆಗಳಿಗೆ ನಿಯಮಗಳನ್ನು ಹೇಳಿದಾಗ ಬಳಸಿದ್ದು ಧನ, ಋಣ ಎಂಬ ಇದೇ ಪದಗಳನ್ನು. ನಮ್ಮ ಊರ ಕಡೆಯ ರೈತನೊಬ್ಬನು ಬಿತ್ತನೆ ಆಲೂಗಡ್ಡೆಗಾಗಿ ಸೊಸೈಟಿಯಲ್ಲಿ 8 ಸಾವಿರ ರೂಪಾಯಿ ಸಾಲ ಮಾಡಿದ್ದು, ಅವನ ಕೈಯಲ್ಲಿ 3 ಸಾವಿರ ಇದೆ ಎಂದುಕೊಳ್ಳಿ. ಒಟ್ಟು ಲೆಕ್ಕದಲ್ಲಿ ಅವನು 5 ಸಾವಿರಕ್ಕೆ ಸಾಲಗಾರ. ಏಕೆಂದರೆ ಸಾಲವೇ ದೊಡ್ಡದು. ಮಧ್ಯಪದವು ಇಂಥದೇ ಒಟ್ಟು ಲೆಕ್ಕವಾದುದರಿಂದ ಅದರ ಚಿಹ್ನೆಯು ಯಾವಾಗಲೂ ದೊಡ್ಡ ಸಂಖ್ಯೆಯದಾಗಿರುತ್ತದೆ. ಇಲ್ಲಿ ಮಧ್ಯಪದ −5ಯ. ಹಾಗಾಗಿ ಮೈನಸ್ ಸೇರುವುದು 8ಕ್ಕೆ, ಮತ್ತು ನಿಮ್ಮ ಲೆಕ್ಕದ ಉತ್ತರ (ಯ − 8)(ಯ + 3). ಮಧ್ಯಪದ +5ಯ ಆಗಿದ್ದರೆ (ಯ + 8)(ಯ − 3) ಆಗುತ್ತಿತ್ತು. ಇಲ್ಲಿ ‘ದೊಡ್ಡದು’ ಎನ್ನುವಾಗ ಚಿಹ್ನೆಯನ್ನು ಬದಿಗಿಟ್ಟ ಬೆಲೆಯನ್ನು ಹೇಳುತ್ತಿದ್ದೇನೆ. −8 ಎಂಬುದು 3ಕ್ಕಿಂತ ಚಿಕ್ಕದಲ್ಲವೇ ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಕೇಳುವುದೂ ಸರಿಯೇ.

ಇಷ್ಟು ಸರಿಯಾಗಿ ಮಾಡಿದವರೂ ಮುಗ್ಗರಿಸುವ ಇನ್ನೊಂದು ಜಾಗವಿದೆ. ಯ²ದ ಸಹಗುಣಕ 1 ಆಗಿರದಿದ್ದಾಗ ಮಧ್ಯಪದವನ್ನು ವಿಭಜಿಸಿ ಎರಡೆರಡು ಪದಗಳನ್ನು ಗುಂಪು ಮಾಡುತ್ತೇವೆ. 6ಯ² − ಯ − 12 ಎಂಬುದನ್ನು ತೆಗೆದುಕೊಳ್ಳಿ. ಮೊದಲ ಮತ್ತು ಕೊನೆಯ ಸಹಗುಣಕಗಳ ಗುಣಲಬ್ಧ −72, ಬೇಕಾದ ಮೊತ್ತ −1. ಆದ್ದರಿಂದ −9 ಮತ್ತು +8. ಈಗ 6ಯ² + 8ಯ − 9ಯ − 12 ಎಂದು ಬರೆದವರು ಮೊದಲೆರಡು ಪದಗಳಿಂದ 2ಯ(3ಯ + 4) ಎಂದು ಪಡೆಯುತ್ತಾರೆ. ಆಮೇಲೆ ಉಳಿದದ್ದರಿಂದ −3ನ್ನು ಹೊರತೆಗೆದು −3(3ಯ − 4) ಎಂದು ಬರೆದುಬಿಡುತ್ತಾರೆ. ನಾನು ತಿದ್ದಿದ ನೋಟ್ ಪುಸ್ತಕಗಳಲ್ಲಿ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳುವಾಗಿರುವುದು ಹೆಚ್ಚಾಗಿ ಈ ಎರಡನೆಯ ಆವರಣದೊಳಗಿನ ಚಿಹ್ನೆಯ ಜಾಗದಲ್ಲಿಯೇ. −12ನ್ನು −3ರಿಂದ ಭಾಗಿಸಿದರೆ ಬರುವುದು +4. ಹೊರಗೆ ಮೈನಸ್ ಕಳಿಸಿದ ಮೇಲೆ ಒಳಗಿನ ಎರಡು ಪದಗಳ ಚಿಹ್ನೆಯೂ ಬದಲಾಗಬೇಕು. ಆಗ ಎರಡು ಆವರಣಗಳಲ್ಲಿಯೂ 3ಯ + 4 ಎಂದೇ ಬಂದು, (3ಯ + 4)(2ಯ − 3) ಎಂಬ ಉತ್ತರ ಸಿಗುತ್ತದೆ. ಎರಡು ಆವರಣಗಳು ಒಂದೇ ರೀತಿ ಇಲ್ಲದಿದ್ದರೆ ಮುಂದಕ್ಕೆ ಹೋಗಬೇಡಿ, ಒಂದು ಸಾಲು ಹಿಂದಕ್ಕೆ ಹೋಗಿ. ಮಧ್ಯಪದವನ್ನು −9ಯ + 8ಯ ಎಂಬ ಕ್ರಮದಲ್ಲಿ ಬರೆದುಕೊಂಡರೆ 3ಯ(2ಯ − 3) + 4(2ಯ − 3) ಎಂದು ಬಂದು ಈ ತೊಡಕು ತಪ್ಪುತ್ತದೆ. ಋಣ ಪದವನ್ನು ಮೊದಲ ಗುಂಪಿಗೆ ಹಾಕುವುದು ನನಗಂತೂ ಹೆಚ್ಚು ಹಿತವೆನಿಸುತ್ತದೆ. ಮೊದಲ ಪದವೇ ಋಣವಾಗಿದ್ದರೆ, ಉದಾಹರಣೆಗೆ −ಯ² + 2ಯ + 24 ಆಗಿದ್ದರೆ, ಮೊದಲು −1ನ್ನು ಹೊರತೆಗೆದು ಉಳಿದದ್ದನ್ನು ಅಪವರ್ತಿಸಬೇಕು: −(ಯ − 6)(ಯ + 4).

ಕೆಲವು ಬೀಜೋಕ್ತಿಗಳು ಪೂರ್ಣಾಂಕಗಳಲ್ಲಿ ಬಿಡಿಸಿಕೊಳ್ಳುವುದೇ ಇಲ್ಲ. ನಿಮ್ಮ ಲೆಕ್ಕದ ಎರಡೂ ಚಿಹ್ನೆಗಳನ್ನು ಬದಲಿಸಿ ಯ² + 5ಯ + 24 ಎಂದು ಬರೆದರೆ ಶೋಧಕವು (ಮಧ್ಯಪದದ ಸಹಗುಣಕದ ವರ್ಗದಿಂದ, ಮೊದಲ ಪದದ ಸಹಗುಣಕ ಮತ್ತು ಸ್ಥಿರಪದಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದರೆ ಬರುವ ಸಂಖ್ಯೆ) 25 − 96, ಅಂದರೆ −71 ಆಗುತ್ತದೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರೇ ಹೇಳಿದ್ದಾರೆ. ನಿಮ್ಮ ತರಗತಿಯ ಮಟ್ಟಿಗೆ ಆ ಮಾತು ಇಂದಿಗೂ ಸಾಕು. ಶೋಧಕವು ಪೂರ್ಣ ವರ್ಗವಾಗಿದ್ದರೆ ಮಾತ್ರ ಜೋಡಿ ಸಿಗುತ್ತದೆ; ನಿಮ್ಮ ಲೆಕ್ಕದಲ್ಲಿ ಅದು 25 + 96 = 121, ಅಂದರೆ 11ರ ವರ್ಗ.

ಕೊನೆಯದಾಗಿ, ಅಪವರ್ತನದಿಂದ ಸಮೀಕರಣದ ಮೂಲಗಳಿಗೆ ಹೋಗುವಾಗ ಚಿಹ್ನೆಯು ಮತ್ತೊಮ್ಮೆ ತಿರುಗುತ್ತದೆ. ನಿಮ್ಮ ಕಡೆಯ ತೋಟಗಳಲ್ಲಿ ಕಾಫಿ ಒಣಗಿಸುವ ಕಣವನ್ನು ನೀವು ನೋಡಿಯೇ ಇರುತ್ತೀರಿ. ಅಂಥ ಒಂದು ಆಯತಾಕಾರದ ಕಣದ ಉದ್ದವು ಅಗಲಕ್ಕಿಂತ 5 ಮೀಟರ್ ಹೆಚ್ಚಿದ್ದು, ವಿಸ್ತೀರ್ಣ 300 ಚದರ ಮೀಟರ್ ಇದ್ದರೆ ಅಗಲವೆಷ್ಟು? ಅಗಲವನ್ನು ಯ ಎಂದುಕೊಂಡರೆ ಯ(ಯ + 5) = 300, ಅಂದರೆ ಯ² + 5ಯ − 300 = 0. ಸ್ಥಿರಪದ ಋಣ, ವ್ಯತ್ಯಾಸ 5, ದೊಡ್ಡದಕ್ಕೆ ಪ್ಲಸ್: (ಯ + 20)(ಯ − 15) = 0. ಇಲ್ಲಿ ಯ + 20 ಸೊನ್ನೆಯಾಗಬೇಕಾದರೆ ಯ = −20, ಯ − 15 ಸೊನ್ನೆಯಾಗಬೇಕಾದರೆ ಯ = 15; ಅಗಲವು ಋಣವಾಗಿರಲು ಸಾಧ್ಯವಿಲ್ಲದ್ದರಿಂದ ಅದು 15 ಮೀಟರ್, ಉದ್ದ 20 ಮೀಟರ್. ಚಿಹ್ನೆಗಳನ್ನು ಅದಲುಬದಲಾಗಿ ಹಾಕಿದವರಿಗೆ ಅಗಲ 20, ಉದ್ದ 25 ಎಂದು ಬರುತ್ತದೆ. ಆ ಕಣದ ವಿಸ್ತೀರ್ಣ 500 ಚದರ ಮೀಟರ್.