ತೆರಿಗೆ, ಸರ್ಕಾರ ಇಲ್ಲದೆ ಊರು ನಡೆಯುವುದಿಲ್ಲವೇ?

ಓದುಗರ ಪ್ರಶ್ನೆ: ನಮ್ಮದು ಆಲೂರು ಕಡೆಯ ಹಳ್ಳಿ. ಮನೆಗಿಷ್ಟು ಅಂತ ವಂತಿಗೆ ಎತ್ತಿ, ಊರಿನವರೇ ಕೆರೆ ಹೂಳು ತೆಗೆಸಿದೆವು. ಲೆಕ್ಕವನ್ನು ದೇವಸ್ಥಾನದ ಜಗಲಿಯಲ್ಲಿ ಎಲ್ಲರ ಮುಂದೆ ಓದಿದೆವು. ಯಾವ ಇಲಾಖೆಯೂ ಬರಲಿಲ್ಲ. ಹಾಗಾದರೆ ತೆರಿಗೆ, ಸರ್ಕಾರ ನಿಜವಾಗಿ ಬೇಕಾ?

ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ಒಂದು ಕೇಳುತ್ತೇನೆ. ವಂತಿಗೆ ಕೊಡಲ್ಲ ಅಂದವರು ಯಾರೂ ಇರಲಿಲ್ಲವೇ? ಇದ್ದರೆ ಹಿರಿಯರು ಹೋಗಿ ಒಪ್ಪಿಸಿರಬೇಕು. ಎಲ್ಲರಿಂದ ವಸೂಲಿ, ಕೊಡದವರ ಮೇಲೆ ಒತ್ತಡ, ಲೆಕ್ಕ ಇಡಲು ಒಬ್ಬರು. ಇದೂ ತೆರಿಗೆಯೇ, ಇದೂ ಸರ್ಕಾರವೇ. ಹೆಸರು ಬೇರೆ ಅಷ್ಟೆ. ಹಿಂದೆ ಗದ್ದೆಗಳಿಗೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಮನೆಯವರೂ ಭತ್ತ ಅಳೆದು ಕೊಡುತ್ತಿದ್ದದ್ದೂ ಇದೇ ಲೆಕ್ಕ.

ಊರಿನವರೇ ನಿಯಮ ಮಾಡಿಕೊಂಡು ನೀರು, ಕಾಡು ಕಾಪಾಡಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ನೋಡಿದ ಊರುಗಳಲ್ಲೂ ಕಾವಲಿತ್ತು, ತಪ್ಪಿದವರಿಗೆ ದಂಡವಿತ್ತು.

ಆದರೆ ಕೆರೆ ಊರಿನ ಕಣ್ಣಳತೆಯಲ್ಲಿರುತ್ತದೆ. ಹೊಳೆ ಹಾಗಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ನಾಲೆಯಲ್ಲಿ ತುಮಕೂರಿನವರೆಗೂ ಹೋಗುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ಮುಖ ಪರಿಚಯವೇ ಇಲ್ಲ. ಅವರ ನಡುವೆ ಯಾವ ಜಗಲಿಯ ಮೇಲೆ ಪಂಚಾಯಿತಿ ಮಾಡೋಣ?

ಕಾಫಿ ತೋಟದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ನಾನು ಕಿತ್ತು ಸುಡುತ್ತೇನೆ. ಪಕ್ಕದ ತೋಟದವರು ಬಿಟ್ಟರೆ ಹುಳು ಮತ್ತೆ ನನ್ನ ತೋಟಕ್ಕೇ ಬರುತ್ತದೆ. ರೋಗ ತಡೆಯುವ ತಳಿ ಬೇಕೆಂದರೆ ವರ್ಷಗಟ್ಟಲೆ ಸಂಶೋಧನೆ ಬೇಕು. ಐದು ಎಕರೆಯವರು ಒಬ್ಬೊಬ್ಬರೇ ಅದನ್ನು ಮಾಡಲಾಗದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸರ್ಕಾರದ ಕಾಲದಲ್ಲೇ ಶುರುವಾಯಿತು. ಇಂದಿಗೂ ಎಷ್ಟೋ ತೋಟಗಳಲ್ಲಿರುವ ಎಸ್.795 ತಳಿ ಅಲ್ಲಿಂದಲೇ ಬಂದದ್ದು. ಆ ಗಿಡ ನೆಟ್ಟ ಸಣ್ಣ ಬೆಳೆಗಾರರು ಸಂಶೋಧನೆಗೆ ಬೇರೆ ದುಡ್ಡು ಕೊಡಲಿಲ್ಲ. ಎಲ್ಲರ ದುಡ್ಡು ಸೇರಿತ್ತು.

ಹಾಗಂತ ಕಟ್ಟಿದ ತೆರಿಗೆಯೆಲ್ಲ ಸರಿಯಾಗಿ ಖರ್ಚಾಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಬೀದಿಯ ಚರಂಡಿಗಾಗಿ ಮೂರು ಮಳೆಗಾಲ ಅರ್ಜಿ ಹಿಡಿದು ಅಲೆದಿದ್ದೇನೆ. ಆ ಸಿಟ್ಟು ನನಗೂ ಇದೆ. ಆದರೆ ಅದು ಲೆಕ್ಕ ಕೇಳಲು ಕಾರಣವಾಗಬೇಕು, ಕಂದಾಯವೇ ಬೇಡ ಅನ್ನಲು ಅಲ್ಲ. ಆದಾಯ ತೆರಿಗೆ ಕಟ್ಟದವರೂ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ತೆರಿಗೆ ಕೊಟ್ಟಿರುತ್ತಾರೆ, ಅಲ್ವಾ? ಕೇಳುವ ಹಕ್ಕು ಅವರಿಗೂ ಅಷ್ಟೇ ಇದೆ.

ನಿಮ್ಮ ಮನೆ ಕಂದಾಯ ಗ್ರಾಮ ಪಂಚಾಯಿತಿಗೇ ಸೇರುತ್ತದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಕೆರೆಗೆ ಬಂದ ಅಷ್ಟೂ ಜನ ಮುಂದಿನ ಸಭೆಗೂ ಹೋಗಿ. ವಂತಿಗೆಯ ಲೆಕ್ಕ ಓದಿದ ಹಾಗೆಯೇ ಪಂಚಾಯಿತಿಯ ಲೆಕ್ಕವನ್ನೂ ಎಲ್ಲರ ಮುಂದೆ ಓದಿಸಿ.